ಚೊಚ್ಚಲ ಕಡಸಿಗೂ ನಾಲ್ಕನೇ ಸೂಲಿನ ಹಸುಗೂ ಒಂದೇ ಮೇವು ಹಾಕ್ಬೋದಾ?

ಕೊಟ್ಟಿಗೆ_ಹುಡ್ಗ:
ಎಲ್ರಿಗೂ ನಮಸ್ಕಾರ. ನಮ್ದು ಚನ್ನರಾಯಪಟ್ಟಣದ ಹತ್ರ ಹಳ್ಳಿ. ಕೊಟ್ಟಿಗೇಲಿ ಎರಡು ಗಬ್ಬ ಇದಾವೆ, ಒಂದು ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕ್ರಾಸ್ ಹಸು, ಈ ಸಲ ಈದ್ರೆ ನಾಲ್ಕನೇ ಸೂಲು, ಇನ್ನೊಂದು ಅದರದ್ದೇ ಮಗಳು, ಚೊಚ್ಚಲು. ಎರಡಕ್ಕೂ ಎಂಟು ತಿಂಗ್ಳು ತುಂಬಿದೆ, ಹಸು ಹಾಲು ಬತ್ತಿಸಿ 20 ದಿನ ಆಯ್ತು. ಹೋದ್ಸಲ ಈದ ಮಾರ್ನೇ ದಿನ ಬೆಳಗ್ಗೆ ನೋಡಿದ್ರೆ ಹಸು ಮಲಗಿದ್ದು ಏಳ್ಲೇ ಇಲ್ಲ, ಕತ್ತು ಹೊಟ್ಟೆ ಕಡೆ ತಿರುಗ್ಸ್ಕೊಂಡಿತ್ತು, ಕಿವಿ ಮುಟ್ಟಿದ್ರೆ ತಣ್ಣಗೆ. ಡಾಕ್ಟ್ರು ಬಂದು ಕ್ಯಾಲ್ಸಿಯಂ ಬಾಟ್ಲಿ ಏರ್ಸಿದ್ಮೇಲೆ ಎದ್ದು ನಿಂತ್ಕೊಳ್ತು. ಅದಕ್ಕೆ ಈ ಸಲ ಈಗ್ಲಿಂದ್ಲೇ ಎರಡಕ್ಕೂ ದಿನಾ ಕ್ಯಾಲ್ಸಿಯಂ ಟಾನಿಕ್ ಕುಡಿಸೋಣ ಅಂತಿದೀನಿ. ನಮ್ಮಜ್ಜಿ ಬೇರೆ, ಕಡಸಿಗೆ ಹಿಂಡಿ ಬೂಸ ನಿಲ್ಸು, ಕರು ದಪ್ಪ ಆಗಿ ಈಯಕ್ಕೆ ಆಗಲ್ಲ ಅಂತ ದಿನಾ ಗಲಾಟೆ. ಈಗ ಎರಡಕ್ಕೂ ಒಂದೇ ತರ ಹಾಕ್ತಿದೀನಿ, ನೇಪಿಯರ್, ರಾಗಿ ಹುಲ್ಲು, 2 ಕೆಜಿ ಫೀಡು, ಜೊತೆಗೆ ಬೋರ್ ಹತ್ರ ಬೆಳ್ದಿರೋ ಕುದುರೆ ಮೆಂತ್ಯ ಬೇಕಾದಷ್ಟು. ಸರೀನಾ?

ರಾಗಿಹೊಲ_ಕುಣಿಗಲ್:
ಟಾನಿಕ್ ನಿಲ್ಸಿ ಮೊದ್ಲು!! ನಾನೂ ಇದೇ ತಪ್ಪು ಮಾಡಿದ್ದೆ, ಗಬ್ಬದಲ್ಲಿ ಬಾಟ್ಲಿಗಟ್ಲೆ ಕುಡ್ಸಿ ಈದ ರಾತ್ರಿನೇ ಹಸು ಮಲಗಿತ್ತು. ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು, ಹೊರಗಿಂದ ಕ್ಯಾಲ್ಸಿಯಂ ಸುಮ್ನೆ ಸಿಗ್ತಿದ್ರೆ ಮೂಳೆಯಿಂದ ತೆಗೆಯೋ ಕೆಲ್ಸಾನ ಮೈ ಮರ್ತುಬಿಡುತ್ತಂತೆ, ಈದ ತಕ್ಷಣ ಗಿಣ್ಣಿಗೆ ಒಂದೇ ಸಲ ಅಷ್ಟು ಬೇಕಾದಾಗ ತಡಕಾಡ್ತದೆ. ಹಾಲುಜ್ವರ, ಅಂದ್ರೆ ಈದ್ಮೇಲೆ ಹಸು ಹಿಂಗೆ ಏಳ್ದೆ ಮಲಗೋದು, ಬರೋದು ಕ್ಯಾಲ್ಸಿಯಂ ಕೊಡ್ಲಿಲ್ಲ ಅಂತಲ್ಲ, ಬೇಡದ ಟೈಮಲ್ಲಿ ಜಾಸ್ತಿ ಕೊಟ್ರೂ ಬರುತ್ತೆ. ಕುದುರೆ ಮೆಂತ್ಯದಲ್ಲೂ ಕ್ಯಾಲ್ಸಿಯಂ ಪೊಟ್ಯಾಶ್ ಎರಡೂ ಜಾಸ್ತಿ, ಕಡೇ ಮೂರು ವಾರ ದೊಡ್ಡ ಹಸುಗೆ ಅದನ್ನ ಬಿಟ್ಟು ಜೋಳದ ಮೇವು ಹಾಕಿ, ಈದ್ಮೇಲೆ ಅದೇ ಸೊಪ್ಪು ಧಾರಾಳವಾಗಿ ಹಾಕಿ, ಹಾಲು ನೋಡಿ.

ಆಕಳ_ಮಾವ:
ನಮ್ಮ ಕಡಿನೂ ಅಜ್ಜಾರು ಹಂಗ ಅಂತಿದ್ರು ನೋಡ್ರಿ, ಕಡಸಿಗೆ ಹಾಕಬ್ಯಾಡ ಅಂತ. ಹೊಟ್ಟ್ಯಾಗಿನ ಕರು ತಾಯಿ ಮೈ ಕರಗಿಸಿಯಾದ್ರೂ ಬೆಳಿತೈತಿ, ಹಸ್ಗೊಂಡಿರೋದು ಕಡಸು ಮಾತ್ರ. ಕರು ಬಾಳಷ್ಟು ಬೆಳಿಯೋದ ಕಡೀ ಮೂರು ತಿಂಗಳದಾಗ, ಚೊಚ್ಚಲದ್ದು ಇನ್ನೂ ತಾನೂ ಬೆಳಿತಿರ್ತೈತಿ, ಎರಡೂ ಹೊಟ್ಟಿಗೆ ಬೇಕಲ್ರಿ. ನಾ ಒಂದಕ್ಕ ಕಡಿಮಿ ಹಾಕಿದ್ದೆ, ಈಯೋವಾಗ ಮುಕ್ಕಾಕ ಬಲಾನ ಇರಲಿಲ್ಲ, ನಾಕು ಮಂದಿ ಜಗ್ಗಿ ತಗದ್ವಿ, ಹಾಲೂ ಬರಲಿಲ್ಲ, ಮುಂದ ಬೆದಿಗೂ ಲಗೂನ ಬರಲಿಲ್ಲ. ಆದ್ರ ಅಜ್ಜಿ ಮಾತು ಪೂರಾ ಸುಳ್ಳೂ ಅಲ್ಲ, ಕೊಬ್ಬಿದ ಕಡಸಿಗೆ ಒಳಗ ದಾರಿ ಸಣ್ಣಾಗಿ ತ್ರಾಸ ಆಗ್ತೈತಿ. ಪಕ್ಕಡಿ ಮ್ಯಾಲ ಕೈ ಆಡ್ಸಿದ್ರ ಎಲುಬು ಕೈಗೆ ಹತ್ತಬೇಕು, ಕಣ್ಣಿಗೆ ಕಾಣಬಾರದು, ಅಷ್ಟ ಸಾಕ್ರಿ.

ಕ್ಯಾಂಪ್_ಡಾಕ್ಟ್ರು:
ಮೇಲಿನ ಇಬ್ರೂ ಹೇಳಿದ್ದು ಸರಿ ಇದೆ. ಎರಡನ್ನೂ ಬೇರೆ ಬೇರೆ ಗೊಂತಿಗೆ ಕಟ್ಟಿ, ಒಂದೇ ಗೋದಲಿ ಆದ್ರೆ ಅಮ್ಮ ಗುಮ್ಮಿ ಮಗಳಿಗೆ ತಿನ್ನಕ್ಕೇ ಬಿಡಲ್ಲ.

ಕಡಸು: ಹಸಿ ಮೇವು 15ರಿಂದ 20 ಕೆಜಿ, ರಾಗಿ ಹುಲ್ಲು 3–4 ಕೆಜಿ, ಫೀಡು 2 ಕೆಜಿ, ಮಾಮೂಲಿ ಮಿನರಲ್ ಮಿಕ್ಸ್ಚರ್ 50 ಗ್ರಾಂ. ಈಯೋಕೆ ಎರಡು ಮೂರು ವಾರ ಇದೆ ಅನ್ನೋವಾಗ ಫೀಡು ಎರಡು ದಿನಕ್ಕೆ ಕಾಲು ಕೆಜಿ ತರ ಏರಿಸ್ತಾ 3, 3½ ವರೆಗೆ ಒಯ್ರಿ, ಅದೂ ಈದ್ಮೇಲೆ ಹಾಕೋ ಫೀಡೇ ಆಗಿರ್ಲಿ, ಹೊಟ್ಟೆ ಅದಕ್ಕೆ ಹೊಂದ್ಕೊಳ್ಬೇಕು. ಚೊಚ್ಚಲಿಗೆ ಹಾಲುಜ್ವರ ಬರೋದು ಬಹಳ ಅಪರೂಪ, ಅದರ ಸಮಸ್ಯೆ ಕೆಚ್ಚಲು ಊತ, ಅದಕ್ಕೆ ಕಡೇ ವಾರಗಳಲ್ಲಿ ಉಪ್ಪು ಕೈ ಬಿಗಿ ಹಿಡಿದು ಹಾಕಿ.

ಹಸು: ಮೂರನೇ ಸೂಲಿಂದಾಚೆ, ಅದ್ರಲ್ಲೂ ಒಂದ್ಸಲ ಬಿದ್ದಿರೋದು, ಮತ್ತೆ ಬರೋ ಚಾನ್ಸ್ ಜಾಸ್ತಿ. ಕಡೇ ಮೂರು ವಾರ ಮಾಮೂಲಿ ಮಿನರಲ್ ಮಿಕ್ಸ್ಚರ್ ನಿಲ್ಸಿ, ಈಯೋಕೆ ಮುಂಚೆ ಅಂತಲೇ ಬರೋ ಬೇರೆ ಮಿಶ್ರಣ ಇದೆ, ನಿಮ್ಮ ಡಾಕ್ಟ್ರು ಹೇಳಿದ ಅಳತೇಲೇ ಕೊಡಿ, ಅದರ ರುಚಿ ಕೆಟ್ಟದು, ಫೀಡಲ್ಲಿ ಕಲ್ಸಿ ತಿಂತಾ ಇದೆಯಾ ನೋಡ್ಕೊಳ್ಳಿ. ಕ್ಯಾಲ್ಸಿಯಂ ಜೆಲ್ ಈದ ಕೂಡ್ಲೇ ಒಂದು, 12 ಗಂಟೆ ಬಿಟ್ಟು ಒಂದು. ನಿಂತಿರೋ ಹಸುಗೆ ಮಾತ್ರ, ಮಲಗಿ ಕತ್ತು ತಿರುಗ್ಸಿರೋದಕ್ಕೆ ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.

ಕೊಟ್ಟಿಗೆ_ಹುಡ್ಗ:
ಥ್ಯಾಂಕ್ಸ್ ಸರ್, ಇವತ್ತೇ ಬೇರೆ ಕಟ್ತೀನಿ. ಇನ್ನೊಂದು ಡೌಟು, ಈದ್ಮೇಲೆ ಮಾಸು (ಕರು ಸುತ್ತ ಇದ್ದ ಪೊರೆ) ಬೀಳ್ಲಿ ಅಂತ ಅಜ್ಜಿ ಬಿದಿರು ಸೊಪ್ಪು ತಿನ್ನಿಸ್ತಾರೆ, ಅಕ್ಕಿ ಗಂಜಿ ಬಕೆಟ್ಗಟ್ಲೆ ಕುಡಿಸ್ತಾರೆ.

ಕ್ಯಾಂಪ್_ಡಾಕ್ಟ್ರು:
ಬಿದಿರು ಸೊಪ್ಪು ಒಂದು ಹಿಡಿ ತಿಂದ್ರೆ ತೊಂದ್ರೆ ಇಲ್ಲ, ತಿನ್ಲಿ. ಗಂಜಿ ಬಕೆಟ್ಗಟ್ಲೆ ಬೇಡ, ಹೊಟ್ಟೆ ಹುಳಿ ಆಗಿ ಮೇವೇ ಬಿಡುತ್ತೆ, ಅದರ ಬದ್ಲು ಉಗುರು ಬೆಚ್ಚಗಿನ ನೀರು ಕುಡಿದಷ್ಟು ಕೊಡಿ. ಮಾಸು 12 ಗಂಟೆ ಆದ್ರೂ ಬೀಳ್ಲಿಲ್ಲ ಅಂದ್ರೆ ಫೋನ್ ಮಾಡಿ, ಯಾರೂ ಕೈ ಹಾಕಿ ಎಳೀಬೇಡಿ.

ರಾಗಿಹೊಲ_ಕುಣಿಗಲ್:
ಈದ್ಮೇಲೆ ಎರಡೂ ಏನಾಯ್ತು ಅಂತ ಇಲ್ಲೇ ಹಾಕಪ್ಪ ಮರೀಬೇಡ. ಹೆಣ್ಗರು ಆದ್ರೆ ಗಿಣ್ಣು ನಮಗೂ ಕಳ್ಸು 😄 ಆದ್ರೆ ಮೊದ್ಲು ಕರುಗೆ ಹೊಟ್ಟೆ ತುಂಬ ಕುಡ್ಸಿ, ಹುಟ್ಟಿದ ಒಂದು ಗಂಟೆ ಒಳಗೆ.