ಪದಚರ್ಚೆ: ಸೈಕಲ್ ದಾರಿಯ ಬರಹದಲ್ಲಿ ‘ಜೆಂಟ್ಲಿ ರೋಲಿಂಗ್ ಕಂಟ್ರಿಸೈಡ್’ಗೆ ಏನೆನ್ನೋಣ?

ಪ್ರಶ್ನೆ:

ಬಳಗದವರಿಗೆ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ ಸವಾರರಿಗಾಗಿ ಕಾಟ್ಸ್‌ವೋಲ್ಡ್ಸ್ ಸೀಮೆಯ ಒಂದು ಸೈಕಲ್ ದಾರಿಯ ವಿವರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಮೋರ್ಟನ್-ಇನ್-ಮಾರ್ಷ್ ರೈಲು ನಿಲ್ದಾಣದಿಂದ ಹೊರಟು ಲಾಂಗ್‌ಬರೋ, ಲೋವರ್ ಸ್ಲಾಟರ್, ನಾಂಟನ್, ಗೈಟಿಂಗ್ ಪವರ್, ಸ್ನೋಸ್‌ಹಿಲ್, ಬ್ರಾಡ್‌ವೇ, ಚಿಪ್ಪಿಂಗ್ ಕ್ಯಾಂಪ್ಡನ್ ಹಾದು ಮತ್ತೆ ಮೋರ್ಟನ್ನಿಗೆ ಬರುವ, 60 ಕಿ.ಮೀ. ಆಸುಪಾಸಿನ ಸುತ್ತು. ಇಂಗ್ಲಿಷ್ ವಿವರದ ಮೊದಲ ಸಾಲಲ್ಲೇ ‘ಜೆಂಟ್ಲಿ ರೋಲಿಂಗ್ ಕಂಟ್ರಿಸೈಡ್’ ಎಂದಿದೆ. ಯಂತ್ರಾನುವಾದ ‘ನಿಧಾನವಾಗಿ ಉರುಳುವ ಗ್ರಾಮಾಂತರ’ ಎಂದು ಕೊಟ್ಟಿತು, ಅದನ್ನು ಬಿಟ್ಟೆವು. ‘ಉಬ್ಬುತಗ್ಗಿನ ಹಳ್ಳಿಗಾಡು’ ಸರಿಯೇ? ‘ಅಲೆಯಲೆಯಾದ’ ಎನ್ನಬಹುದೇ? ಲೇನ್, ವೋಲ್ಡ್, ಡೌನ್ಸ್, ಬ್ರೈಡಲ್‌ವೇ, ಫೋರ್ಡ್ ಇವನ್ನು ಹಾಗೆಯೇ ಉಳಿಸಬೇಕೋ, ಕನ್ನಡಕ್ಕೆ ತರಬೇಕೋ?

ಉತ್ತರ 1:

‘ಉಬ್ಬುತಗ್ಗು’ ಖಂಡಿತ ಬೇಡ. ರಸ್ತೆಯ ಮಾತಿನಲ್ಲಿ ಉಬ್ಬುತಗ್ಗು ಎಂದರೆ ಡಾಂಬರು ಕಿತ್ತುಹೋಗಿದೆ ಎಂದೇ ಓದುವವರು ತಿಳಿಯುತ್ತಾರೆ. ‘ಹಳ್ಳದಿಣ್ಣೆ’ಗೂ ಅದೇ ತೊಂದರೆ. ‘ಅಂಕುಡೊಂಕು’ ಎಡಬಲದ ತಿರುವಿಗೆ ಹೇಳುವ ಮಾತು. ‘ಅಲೆಯಲೆಯಾದ’ ಎನ್ನುವುದು ದೂರದಿಂದ ನಿಂತು ನೋಡುವವರಿಗೆ ಸೊಗಸು, ತುಳಿಯುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಉಳಿಯುವುದು ‘ಏರಿಳಿತ’. ಷೇರುಪೇಟೆಯ ಸುದ್ದಿಗೆ ಅಂಟಿಕೊಂಡ ಪದವಾದರೂ ‘ಏರಿಳಿತದ ದಾರಿ’ ಎಂದರೆ ಯಾರಿಗೂ ಗೊಂದಲವಾಗದು. ಕಂಟ್ರಿಸೈಡ್‌ಗೆ ‘ಹಳ್ಳಿಗಾಡು’ ಸಾಕು. ‘ಗ್ರಾಮಾಂತರ’ಕ್ಕೆ ಜಿಲ್ಲೆ, ಠಾಣೆ, ಬಸ್ಸಿನ ವಾಸನೆ ಇದೆ.

ತೊಡಕು ಇರುವುದು ‘ಜೆಂಟ್ಲಿ’ಯಲ್ಲಿ. ಅದನ್ನು ‘ಸೌಮ್ಯ’ ಅಥವಾ ‘ಮೃದು’ ಎಂದು ತರುವ ಮೊದಲು ಅಲ್ಲಿನ ನೆಲ ಹೇಗಿದೆ ಎಂದು ನೋಡಬೇಕು. ಕಾಟ್ಸ್‌ವೋಲ್ಡ್ಸ್ ಒಂದು ಕಡೆಗೆ ವಾಲಿದ ಸುಣ್ಣಕಲ್ಲಿನ ಹಾಸು. ವಾಯವ್ಯದ ಅಂಚು ಕಡಿದಾಗಿ ಎದ್ದು ನಿಂತಿದೆ, ಅಲ್ಲಿಂದ ಆಗ್ನೇಯಕ್ಕೆ ನೆಲ ಸಣ್ಣಗೆ ಇಳಿಯುತ್ತಾ ಹೋಗುತ್ತದೆ. ವಿಂಡ್‌ರಶ್, ಈವನ್‌ಲೋಡ್, ಕಾಲ್ನ್ ಹೊಳೆಗಳು ಈ ಇಳಿಜಾರಿನಲ್ಲೇ ಹರಿದು ಥೇಮ್ಸ್ ಸೇರುತ್ತವೆ, ಹರಿಯುತ್ತಾ ಕಣಿವೆ ಕೊರೆದಿವೆ. ಆದ್ದರಿಂದ ಹೊಳೆಗುಂಟ ಸಾಗುವ ರಸ್ತೆ ನಿಜಕ್ಕೂ ಹಗುರ. ಹೊಳೆಗಳಿಗೆ ಅಡ್ಡಲಾಗಿ ಹಾಯುವ ರಸ್ತೆ ಒಂದು ಕಣಿವೆಗೆ ಧುಮುಕಿ, ಕಲ್ಲು ಸೇತುವೆ ದಾಟಿ, ಮತ್ತೆ ಏರಾಗಿ ಎದೆಗೆ ಬರುತ್ತದೆ. ಎರಡೂ ಕಡೆ ಕಾಣುವ ನೋಟ ಒಂದೇ, ದುಂಡು ಬೆನ್ನಿನ ಹಸಿರು ದಿಣ್ಣೆಗಳು. ‘ಜೆಂಟ್ಲಿ’ ಎಂಬುದು ಆ ದಿಣ್ಣೆಗಳ ಬೆನ್ನಿಗೆ ಹೇಳಿದ ಮಾತು, ರಸ್ತೆಯ ಏರಿಗೆ ಹೇಳಿದ್ದಲ್ಲ. ಕನ್ನಡದಲ್ಲಿ ಇವೆರಡನ್ನು ಬೇರೆಯಾಗಿಯೇ ಹೇಳಿ: ‘ಕಣಿವೆಗುಂಟ’, ‘ಕಣಿವೆಗೆ ಅಡ್ಡಲಾಗಿ’. ಈ ಎರಡು ಮಾತುಗಳು ಯಾವ ವಿಶೇಷಣಕ್ಕಿಂತಲೂ ಸವಾರನಿಗೆ ಹೆಚ್ಚು ತಿಳಿಸುತ್ತವೆ.

ಲೆಕ್ಕವೂ ಜೊತೆಗಿರಲಿ. ಒಂದು ಕಣಿವೆಗೆ 50 ಮೀಟರ್ ಇಳಿದು ಹತ್ತಿದರೆ ಯಾರಿಗೂ ದಣಿವಾಗದು, ಅಂಥ ಹತ್ತು ಕಣಿವೆ ದಾಟಿದರೆ 500 ಮೀಟರ್ ಏರಿದಂತಾಯಿತು. ಪ್ರತಿ ಕಿಲೋಮೀಟರಿಗೆ ಸರಾಸರಿ ಎಷ್ಟು ಮೀಟರ್ ಏರು ಎಂದು ಬರೆಯುವುದು ಒಳ್ಳೆಯ ರೂಢಿ. 5ರೊಳಗಿದ್ದರೆ ಸಮತಟ್ಟು, 8ರಿಂದ 12 ಇದ್ದರೆ ಏರಿಳಿತ, 15 ದಾಟಿದರೆ ಗುಡ್ಡದ ದಾರಿ ಎಂದು ಇಟ್ಟುಕೊಳ್ಳಿ. ಇಂಗ್ಲಿಷ್ ಸವಾರರು ಮಾತಿನಲ್ಲಿ ‘ಲಂಪಿ’ ಎಂದರೆ ಈ ನಡುವಿನ ಗುಂಪಿನ ಮೇಲಂಚು. ಅದಕ್ಕೆ ‘ದಿಣ್ಣೆದಿಣ್ಣೆಯಾದ’ ಎನ್ನಬಹುದು. ಒಂದೇ ದಾರಿಗೆ ಎರಡು ಆ್ಯಪ್‌ಗಳು ಎರಡು ಮೊತ್ತ ತೋರಿಸುತ್ತವೆ, ಏಕೆಂದರೆ ಸಣ್ಣಪುಟ್ಟ ಏರನ್ನು ಎಣಿಸುವ ಕ್ರಮ ಒಂದೊಂದರಲ್ಲಿ ಒಂದೊಂದು ಬಗೆ. ಎಲ್ಲ ದಾರಿಗಳಿಗೂ ಒಂದೇ ಆ್ಯಪ್‌ನ ಅಂಕಿ ಬಳಸಿದರೆ ಹೋಲಿಕೆಯಾದರೂ ಸರಿಯಾಗಿರುತ್ತದೆ.

ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ ನೋಡುವವರಿಗೆ ಒಂದು ಎಚ್ಚರಿಕೆ ಬರೆಯಲೇಬೇಕು. ಅದರಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇ. 14ರಿಂದ 20, ಎರಡು ಬಾಣವಿದ್ದರೆ ಶೇ. 20ಕ್ಕೂ ಹೆಚ್ಚು. ಬಾಣದ ಮೊನೆ ಇಳಿಜಾರಿನ ಕಡೆಗೆ ಇರುತ್ತದೆ. ಶೇ. 12ರ ಏರಿಗೆ ಗುರುತೇ ಇಲ್ಲ. ಬಾಣವಿಲ್ಲ ಎಂದರೆ ಸಮತಟ್ಟು ಎಂದುಕೊಂಡರೆ ಏರಿಳಿತದ ನಾಡು ಪೂರ್ತಿ ಕಣ್ಣು ತಪ್ಪಿಸಿಬಿಡುತ್ತದೆ. ಎತ್ತರದ ಗೆರೆಗಳನ್ನೇ ಎಣಿಸಬೇಕು. 1:50,000 ನಕ್ಷೆಯಲ್ಲಿ ಗೆರೆಯಿಂದ ಗೆರೆಗೆ 10 ಮೀಟರ್. ಹಳೆಯ ಫಲಕಗಳಲ್ಲಿ ‘1:6’ ಎಂದಿದ್ದರೆ ಆರು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಮೇಲೆ, ಅಂದರೆ ಸುಮಾರು ಶೇ. 17.

ನಿಮ್ಮ ದಾರಿಯಲ್ಲಿ ‘ಜೆಂಟ್ಲಿ’ ಎಂಬ ಮಾತು ಪೂರ್ತಿ ಸುಳ್ಳಾಗುವುದು ಬ್ರಾಡ್‌ವೇ ಬಳಿ. ಅದು ಕಡಿದಾದ ಅಂಚಿನ ಬುಡದಲ್ಲಿರುವ ಊರು. ಸ್ನೋಸ್‌ಹಿಲ್‌ನಿಂದ ಅಲ್ಲಿಗೆ ಇಳಿದಮೇಲೆ ಕ್ಯಾಂಪ್ಡನ್ ಸೇರಲು ಅದೇ ಅಂಚನ್ನು ಮತ್ತೆ ಹತ್ತಬೇಕು. ವಿಲ್ಲರ್ಸಿ, ಸೇಂಟ್‌ಬರಿ ಮೂಲಕ ಹೋದರೆ ನೂರು ಮೀಟರಿಗಿಂತ ಹೆಚ್ಚಿನ ಏರು ಒಂದೇ ಸಲ ಬರುತ್ತದೆ. ಎ44 ರಸ್ತೆಯ ಫಿಶ್ ಹಿಲ್ ಕಡೆಯಿಂದ ಹತ್ತಬಹುದಾದರೂ ಅಲ್ಲಿ ಲಾರಿಗಳ ಓಡಾಟ. ಇಲ್ಲಿ ‘ಏರಿಳಿತ’ ಬಿಟ್ಟು ‘ಕಡಿದಾದ ಏರು’ ಎಂದೇ ಬರೆಯಿರಿ. ಮಲೆನಾಡು, ಕರಾವಳಿಯ ಓದುಗರಿಗೆ ‘ಚಡಾವು’ ಎಂದರೆ ಇನ್ನೂ ಚೆನ್ನಾಗಿ ತಾಗುತ್ತದೆ. ‘ಘಾಟಿ’ ಮಾತ್ರ ಬೇಡ, ಅದಕ್ಕೆ ತಿರುವು ತಿರುವಾಗಿ ಹತ್ತಾರು ಕಿ.ಮೀ. ಬೇಕು.

ಲೇನ್‌ಗೆ ‘ಓಣಿ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಎರಡೂ ಕಡೆ ಬೇಲಿ ಅಥವಾ ಗಾರೆಯಿಲ್ಲದೆ ಒಟ್ಟಿದ ಕಲ್ಲುಗೋಡೆ, ನಡುವೆ ಒಂದೇ ವಾಹನ ಹಿಡಿಸುವ ಡಾಂಬರು. ಎಷ್ಟೋ ಕಡೆ ರಸ್ತೆ ಅಕ್ಕಪಕ್ಕದ ಹೊಲಕ್ಕಿಂತ ಕೆಳಗೆ ಕುಸಿದಿರುತ್ತದೆ. ಪೇಟೆಯ ಓದುಗರು ಓಣಿ ಎಂದರೆ ಮನೆಸಾಲು ಎಂದುಕೊಂಡಾರು ಎಂಬ ಅಳುಕಿದ್ದರೆ ಮೊದಲ ಸಲ ‘ಬೇಲಿಯೋಣಿ’ ಎಂದು ಬರೆದು ಆಮೇಲೆ ‘ಓಣಿ’ ಎಂದೇ ಮುಂದುವರಿಸಿ. ‘ಪಾಸಿಂಗ್ ಪ್ಲೇಸ್’ಗೆ ಹೊಸ ಪದ ಕಟ್ಟುವುದು ಬೇಡ, ‘ಎದುರು ಗಾಡಿಗೆ ದಾರಿಬಿಡುವ ತಾವು’ ಎಂದರೆ ಸಾಕು.

ಈ ಓಣಿಗಳಲ್ಲಿ ಕೈಕೊಡುವುದು ಹೆಚ್ಚಾಗಿ ಕಣಿವೆಯ ತಳದಲ್ಲೇ, ಆ ಜಾಗಕ್ಕೆ ನಿಮ್ಮ ಬರಹದಲ್ಲಿ ಒಂದು ಪ್ಯಾರಾ ಇರಲಿ. ವೇಗವಾಗಿ ಇಳಿಯುವಾಗ ಸವಾರ ದೊಡ್ಡ ಗೇರ್‌ನಲ್ಲಿರುತ್ತಾನೆ. ತಳದಲ್ಲಿ ತಿರುವು, ಇಕ್ಕಟ್ಟು ಸೇತುವೆ, ಮರದ ನೆರಳಲ್ಲಿ ಒದ್ದೆ ಎಲೆ. ಬ್ರೇಕ್ ಹಿಡಿಯಲೇಬೇಕು. ವೇಗ ಸತ್ತಿರುತ್ತದೆ, ಸೇತುವೆ ದಾಟಿದ ಕೂಡಲೇ ಶೇ. 12ರ ಏರು. ಆಗ ಗಾಬರಿಯಲ್ಲಿ, ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿಕೊಂಡೇ ಪೆಡಲ್ ಬಳಿಯ ಮುಂಭಾಗದ ಗೇರ್ ಬದಲಿಸಿದರೆ ಚೈನು ಹಲ್ಲಿಗೆ ಕೂರದೆ ಒಳಗಡೆ ಬೀಳುತ್ತದೆ. ಸೇತುವೆ ಕಂಡೊಡನೆ, ಇನ್ನೂ ಇಳಿಯುತ್ತಿರುವಾಗಲೇ, ಹಗುರಾಗಿ ತುಳಿಯುತ್ತಾ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಬರಬೇಕು, ಹಿಂದಿನದನ್ನು ಏರಿನಲ್ಲಿ ಒಂದೊಂದಾಗಿ ಇಳಿಸಿಕೊಳ್ಳಬಹುದು. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಹಲ್ಲಿನ ಜೋಡಣೆ ಇದ್ದರೆ ಈ ಸುತ್ತಿಗೆ ಧಾರಾಳ.

ಬ್ರೈಡಲ್‌ವೇಗೆ ‘ಕುದುರೆದಾರಿ’, ಫುಟ್‌ಪಾತ್‌ಗೆ ‘ಕಾಲುದಾರಿ’. ಇವೆರಡನ್ನು ಬೆರೆಸುವಂತಿಲ್ಲ, ನಡುವೆ ಕಾನೂನಿನ ಗೆರೆಯಿದೆ. 1968ರ ಕಂಟ್ರಿಸೈಡ್ ಕಾಯಿದೆಯ ಪ್ರಕಾರ ಕುದುರೆದಾರಿಯಲ್ಲಿ ಸೈಕಲ್ ಹೊಡೆಯಬಹುದು, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಕಾಲುದಾರಿಯಲ್ಲಿ ಸೈಕಲ್ ಸವಾರನಿಗೆ ಹಕ್ಕಿಲ್ಲ. ಹಕ್ಕಿದ್ದರೂ ಕುದುರೆದಾರಿ ಗೊರಸಿನ ಗುಳಿ ಬಿದ್ದ ಮಣ್ಣು, 28 ಮಿ.ಮೀ. ಟೈರಿಗೆ ಹೇಳಿಸಿದ್ದಲ್ಲ. ಹಾಗೆಯೇ ‘ಟ್ರಾಫಿಕ್-ಫ್ರೀ’ ಎಂಬುದನ್ನು ‘ವಾಹನವಿಲ್ಲದ’ ಎಂದು ತಂದರೆ ಅರ್ಧ ಮಾತ್ರ ಹೇಳಿದಂತೆ. ರಾಷ್ಟ್ರೀಯ ಸೈಕಲ್ ಜಾಲದ ಅಂಥ ಕೆಲವು ತುಂಡುಗಳು ಜಲ್ಲಿ, ಮಣ್ಣಿನವು. ಡಾಂಬರಿದೆಯೋ ಇಲ್ಲವೋ ಎಂದು ಪಕ್ಕದಲ್ಲೇ ಬರೆಯಿರಿ.

ಉತ್ತರ 2:

ಮೇಲಿನ ಉತ್ತರಕ್ಕೆ ಸ್ವಲ್ಪ ಸೇರಿಸುವುದಿದೆ. ‘ಡೌನ್ಸ್’ ಕಂಡು ‘ತಗ್ಗು’ ಎಂದು ಬರೆದವರಿದ್ದಾರೆ. ಹಳೆಯ ಇಂಗ್ಲಿಷಿನ ‘ಡೂನ್’ ಎಂದರೆ ಗುಡ್ಡ, ಅದರಿಂದ ಬಂದ ಹೆಸರಿದು. ಸೌತ್ ಡೌನ್ಸ್‌ನ ಡಿಚ್ಲಿಂಗ್ ಬೀಕನ್ 248 ಮೀಟರ್ ಎತ್ತರ, ಬ್ರೈಟನ್ ಕಡೆಯ ಸವಾರರ ಕಾಲು ನಡುಗಿಸುವ ಚಡಾವು. ‘ವೋಲ್ಡ್’ ಮೂಲದಲ್ಲಿ ಕಾಡು, ಈಗ ಮರ ಕಡಿಮೆಯಿರುವ ಎತ್ತರದ ಬಯಲು. ಕಾಟ್ಸ್‌ವೋಲ್ಡ್ಸ್‌ನ ಅತಿ ಎತ್ತರದ ತುದಿ ಕ್ಲೀವ್ ಹಿಲ್ 330 ಮೀಟರ್, ಲಿಂಕನ್‌ಶೈರ್ ವೋಲ್ಡ್ಸ್‌ನದು 168 ಮೀಟರ್ ಅಷ್ಟೇ. ಡೌನ್ಸ್, ವೋಲ್ಡ್ ಎರಡೂ ಹೆಸರನ್ನು ಹಾಗೆಯೇ ಉಳಿಸಿ, ಅರ್ಥ ಬೇಕಾದಲ್ಲಿ ‘ಮೇಲುಬಯಲು’ ಎನ್ನಿ. ಈ ಮೇಲುಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ಅಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ನಿಮ್ಮ ಸುತ್ತು ಮೊದಲು ನೈರುತ್ಯಕ್ಕೆ ಹೋಗುವುದರಿಂದ ದಿಕ್ಕು ಸರಿಯಾಗಿದೆ, ದಣಿದ ಹೊತ್ತಿಗೆ ಗಾಳಿ ಬೆನ್ನಿಗೆ ಸಿಗುತ್ತದೆ.

ಬೇಲಿಯ ವಿಷಯದಲ್ಲೂ ಒಂದು ಮಾತು ಸೇರಿಸಿ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅಲ್ಲಿನ ರೈತರು ಬೇಲಿ ಸವರುವಂತಿಲ್ಲ. ಸೆಪ್ಟೆಂಬರ್ ಬಂದೊಡನೆ ಟ್ರಾಕ್ಟರಿನ ಯಂತ್ರ ಹಾಥಾರ್ನ್ ಗಿಡಗಳನ್ನು ಚಚ್ಚಿ ಸವರುತ್ತದೆ, ಮುಳ್ಳಿನ ಚೂರು ಓಣಿಯ ಡಾಂಬರಿನ ಮೇಲೆಲ್ಲ. ಸಣ್ಣ ಮುಳ್ಳು ಟೈರಿನಲ್ಲೇ ಉಳಿದು, ಹಾಕಿದ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಲ್ಲಿ ಹುಷಾರಾಗಿ ಸವರಿ ನೋಡಿ, ಮುಳ್ಳನ್ನು ಹೊರಗಿನಿಂದ ಕೀಳಬೇಕು. ಶರತ್ಕಾಲದ ಸವಾರಿಗೆ ಎರಡು ಟ್ಯೂಬ್ ಇರಲಿ.

‘ಫೋರ್ಡ್’ ಬಗ್ಗೆ: ‘ಕಡವು’ ಎನ್ನಬೇಡಿ, ಅದು ದೋಣಿಯಲ್ಲಿ ದಾಟುವ ಜಾಗ. ‘ರಸ್ತೆಯ ಮೇಲೆ ಹೊಳೆ ಹರಿಯುವ ತಾವು’ ಎಂದು ಬಿಡಿಸಿಯೇ ಬರೆಯಿರಿ. ನೀರಿನಡಿಯ ನೆಲ ಪಾಚಿಗಟ್ಟಿರುತ್ತದೆ, ಹ್ಯಾಂಡಲ್ ಸ್ವಲ್ಪ ತಿರುಗಿದರೂ ಮುಂದಿನ ಚಕ್ರ ಜಾರುತ್ತದೆ. ಅಪ್ಪರ್ ಸ್ಲಾಟರ್‌ನಲ್ಲಿ ‘ಐ’ ಎಂಬ ಹೊಳೆಗೆ ಅಂಥದೊಂದಿದೆ, ಪಕ್ಕದಲ್ಲೇ ಕಾಲುಸೇತುವೆಯೂ ಇದೆ, ಸೈಕಲ್ ತಳ್ಳಿಕೊಂಡು ದಾಟಬಹುದು. ಗೈಟಿಂಗ್ ಪವರ್ ದಾಟಿದಮೇಲೆ ಬಿ4077 ರಸ್ತೆಯಲ್ಲಿ ಸಿಗುವ ‘ಫೋರ್ಡ್’ ಮಾತ್ರ ಒಂದು ಹಳ್ಳಿಯ ಹೆಸರು, ಅದನ್ನು ಕನ್ನಡಿಸಲು ಹೋಗಬೇಡಿ.