ಗಟ್ಟಿಮುಟ್ಟಾದ ಹಳೆಯ ಕಾರು ಹೆಚ್ಚು ಸುರಕ್ಷಿತವೇ, ಹಗುರವಾದ ಹೊಸ ಕಾರೇ?

ಪ್ರಶ್ನೆ

ನಮ್ಮ ಮನೆಯಲ್ಲಿ 1999ರ ಒಂದು ಕಾರಿದೆ. ಅದರ ಎಂಜಿನ್ ಇಂದಿಗೂ ಮೊದಲ ಸಲಕ್ಕೇ ಚಾಲೂ ಆಗುತ್ತದೆ. ಬಾಗಿಲು ಹಾಕಿದಾಗ ಬರುವ ಸದ್ದಿನಲ್ಲೇ ಅದರ ಗಟ್ಟಿತನ ತಿಳಿಯುತ್ತದೆ. ಹೊಸ ಕಾರೊಂದನ್ನು ಓಡಿಸಿ ನೋಡಿದೆ. ಅದರ ಬಂಪರನ್ನು ಹೆಬ್ಬೆರಳಿನಿಂದ ಒತ್ತಿದರೂ ಒಳಕ್ಕೆ ಬಾಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರ ಹೋಗುವವನಾದ್ದರಿಂದ, ಹಳೆಯದನ್ನು ಬಿಟ್ಟು ಇದನ್ನು ಕೊಳ್ಳುವುದು ಸರಿಯೇ ಎಂದು ತಿಳಿಯಬಯಸುತ್ತೇನೆ.

ಉತ್ತರ 1

ಬಂಪರಿನ ಹೊರಕವಚವನ್ನು ಒತ್ತಿ ನೋಡಿ ಕಾರಿನ ಬಲವನ್ನು ಅಳೆಯಲಾಗದು. ಡಿಕ್ಕಿಯಾದಾಗ ಮುಂಭಾಗ ನಜ್ಜುಗುಜ್ಜಾಗಿ ಹೊಡೆತವನ್ನು ತಾನು ನುಂಗಬೇಕು, ಜನ ಕೂರುವ ಭಾಗ ಮಾತ್ರ ಕದಲದೆ ಉಳಿಯಬೇಕು ಎಂಬ ಲೆಕ್ಕದಲ್ಲೇ ಈಗಿನ ಕಾರುಗಳನ್ನು ಕಟ್ಟುತ್ತಾರೆ. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಸಂಸ್ಥೆಯು 2009ರಲ್ಲಿ, 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ನೋಡಲು ಭಾರಿಯಾಗಿದ್ದ ಹಳೆಯ ಕಾರಿನಲ್ಲಿ ಚಾಲಕನ ಸ್ಥಳವೇ ಕುಸಿದು, ಸ್ಟೀರಿಂಗ್ ಪರೀಕ್ಷಾ ಗೊಂಬೆಯ ಮೇಲೆ ನುಗ್ಗಿತು. ಅಲ್ಲಿ ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಹೊಸದರ ಚಾಲಕನಿಗೆ ಕಾಲಿಗೆ ಸಣ್ಣ ಪೆಟ್ಟಾಗುವ ಸಂಭವವಷ್ಟೇ ಕಂಡಿತು.

ನಿಮ್ಮದು 1959ರದಲ್ಲ, ಅಂತರ ಅಷ್ಟು ದೊಡ್ಡದಿರಲಾರದು, ನಿಜ. ಆದರೆ ಜಾರುವ ಕಾರನ್ನು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಹಾದಿಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಮಾರುಕಟ್ಟೆಗೆ ಬಂದದ್ದೇ 1995ರಲ್ಲಿ, ಅದೂ ದುಬಾರಿ ಕಾರುಗಳಲ್ಲಿ. ನಿಮ್ಮ ಕಾರಿನಲ್ಲಿ ಅದು ಇರುವ ಸಾಧ್ಯತೆ ತೀರಾ ಕಡಿಮೆ.

ಉತ್ತರ 2

ಹಳೆಯ ಕಾರುಗಳನ್ನು ಸ್ವತಃ ರಿಪೇರಿ ಮಾಡಿಕೊಳ್ಳುವವನು ನಾನು. ಅವುಗಳ ಮೇಲೆ ನನಗೆ ಪ್ರೀತಿಯೂ ಇದೆ. ಅವುಗಳ ಹೈಡ್ರಾಲಿಕ್ (ಎಣ್ಣೆಯ ಒತ್ತಡದ ನೆರವಿನಿಂದ ತಿರುಗುವ) ಸ್ಟೀರಿಂಗಿನಲ್ಲಿ ರಸ್ತೆಯ ಸ್ಪರ್ಶ ಕೈಗೆ ತಿಳಿಯುವಷ್ಟು ಸ್ಪಷ್ಟವಾಗಿ ನಾನು ಓಡಿಸಿದ ಯಾವ ಎಲೆಕ್ಟ್ರಿಕ್ ಸ್ಟೀರಿಂಗಿನಲ್ಲೂ ತಿಳಿದಿಲ್ಲ. ಹೆಡ್‌ಲೈಟಿನ ಬಲ್ಬು ಹೋದರೆ ಬಲ್ಬನ್ನಷ್ಟೇ ಬದಲಿಸಬಹುದು. ಹೊಸ ಎಲ್‌ಇಡಿ ದೀಪಗಳಲ್ಲಿ ಅನೇಕ ಸಲ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ.

ಆದರೂ ಹೇಳಲೇಬೇಕಾದ ಮಾತೊಂದಿದೆ. ಮೇಲೆ ಬಣ್ಣ ಹೊಳೆಯುತ್ತಿದ್ದ ನನ್ನ ಕಾರಿನ ಬಾಗಿಲ ಕೆಳಗಿನ ಪಟ್ಟಿಯನ್ನು ಒಮ್ಮೆ ಸ್ಕ್ರೂಡ್ರೈವರಿನಿಂದ ಸುಮ್ಮನೆ ಕೆರೆದಾಗ, ಅದರ ತುದಿ ತಗಡನ್ನು ತೂರಿ ಒಳಗೆ ಹೋಯಿತು, ಅಂಗೈ ತುಂಬ ತುಕ್ಕಿನ ಪುಡಿ ಉದುರಿತು. ಹಾಗೆ ತುಕ್ಕು ತಿಂದ ಕಾರು ತಯಾರಾದಾಗಿದ್ದ ಬಲವನ್ನೂ ಉಳಿಸಿಕೊಂಡಿರುವುದಿಲ್ಲ. ಕಾರನ್ನು ಎತ್ತಿಸಿ ಅಡಿಭಾಗವನ್ನು ನೋಡಿ. ಬ್ರೇಕಿನ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯೇ, ಟೈರುಗಳು ತಯಾರಾದದ್ದು ಯಾವ ವರ್ಷ ಎಂಬುದನ್ನೂ ಪರಿಶೀಲಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಕಾರನ್ನು ಎತ್ತಿಸಿ ನೋಡಿದೆ. ತುಕ್ಕು ಹೆಚ್ಚಿಲ್ಲ. ಆದರೆ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಕಚ್ಚಿ ನಿಂತು ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಹಿಂದಿನ ಸೀಟಿನ ನಡುವೆ ಇರುವುದು ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು. ಇಷ್ಟು ವರ್ಷವೂ ನನ್ನ ಚಿಕ್ಕ ಮಗಳು ಕೂರುತ್ತಿದ್ದದ್ದು ಅದೇ ಜಾಗದಲ್ಲಿ. ಹಳೆಯದನ್ನು ಮಾರುವುದಿಲ್ಲ, ಹತ್ತಿರದ ಓಡಾಟಕ್ಕೆ ನಾನೊಬ್ಬನೇ ಬಳಸುತ್ತೇನೆ. ಹೆದ್ದಾರಿಗೆ ಮಾತ್ರ ಹೊಸದನ್ನೇ ಕೊಳ್ಳುತ್ತೇನೆ.