ಸಹಾಯ ಬೇಕು: ಕಾರಿನ ಎಲ್ಲ ಬಾಗಿಲಿಗೂ ಒಂದೇ ಕೀಲಿಕೈ ಹೊಂದಿಸುವವರು ದಾವಣಗೆರೆಯಲ್ಲಿ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನಾನು ಕೊಂಡಿರುವ ಹಳೆಯ ಕಾರಿನ ಚಾಲಕನ ಬದಿಯ ಬಾಗಿಲಿಗೆ ಹಿಂದಿನ ಮಾಲೀಕರು ಗುಜರಿಯಿಂದ ತಂದ ಲಾಕ್ ಹಾಕಿಸಿರುವುದರಿಂದ, ಅದಕ್ಕೊಂದು, ಇಗ್ನಿಷನ್ ಹಾಗೂ ಉಳಿದ ಲಾಕ್‌ಗಳಿಗೆ ಇನ್ನೊಂದು ಕೀಲಿಕೈ ಇಟ್ಟುಕೊಳ್ಳಬೇಕಾಗಿದೆ. ಪೂರ್ತಿ ಲಾಕ್ ಸೆಟ್ ಬದಲಿಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಇಗ್ನಿಷನ್ ಕೀಲಿಕೈಯ ತಲೆಯಲ್ಲಿ ಇಮೊಬಿಲೈಸರ್ ಚಿಪ್ (ಕಾರು ಇದನ್ನು ಗುರುತಿಸಿದರಷ್ಟೇ ಎಂಜಿನ್ ಶುರುವಾಗುತ್ತದೆ) ಇರುವುದರಿಂದ ಅದನ್ನು ಮುಟ್ಟದೆ, ಬಾಗಿಲಿನ ಲಾಕನ್ನೇ ಅದಕ್ಕೆ ಹೊಂದಿಸುವುದು ಸರಿ. ಬಾಗಿಲಿನ ಲಾಕಿನ ಸಿಲಿಂಡರ್ (ಕೀಲಿಕೈ ತೂರಿಸುವ ಭಾಗ) ಬಿಚ್ಚಿದರೆ ಒಳಗೆ ಸಾಲಾಗಿ ಕೂತಿರುವ ತೆಳು ಲೋಹದ ಬಿಲ್ಲೆಗಳನ್ನು, ಕೀಲಿಕೈ ತೂರಿಸಿದಾಗ ಒಂದೂ ಹೊರಚಾಚದಂತೆ ಅದಲುಬದಲು ಮಾಡಿ, ಅಗತ್ಯಬಿದ್ದರೆ ಬೇರೆ ಅಳತೆಯ ಬಿಲ್ಲೆ ಹಾಕಿ ಕೂರಿಸಬಹುದು. ಅರ ಹಿಡಿದು ಉಜ್ಜಿ ಸಮ ಮಾಡುವವರು ದಯವಿಟ್ಟು ಬೇಡ. ಅಂಥ ಲಾಕ್ ಕಂಡವರ ಕೀಲಿಕೈಗೂ ತೆರೆದುಕೊಳ್ಳಬಹುದು. ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ, ಇಲ್ಲವೇ ಚಿತ್ರದುರ್ಗದಲ್ಲಾದರೂ ಈ ಕೆಲಸ ಬಲ್ಲವರಿದ್ದರೆ ಅಂಗಡಿಯ ವಿಳಾಸ ಮತ್ತು ಅಂದಾಜು ಕೂಲಿಯನ್ನು ತಿಳಿಸಬೇಕಾಗಿ ವಿನಂತಿ.